ಅಯ್ಯೋ, ಛೇ, ಹೂಂ: ಉದ್ಗಾರಗಳನ್ನು ಆಡುವುದು, ಬರೆಯುವುದು ಹೇಗೆ?

ಕಥೆ, ನಾಟಕ ಬರೆಯುವವರು, ಕಿರುಚಿತ್ರಕ್ಕೆ ಸಂಭಾಷಣೆ ಹೊಸೆಯುವವರು, ಶಾಲೆಯಲ್ಲಿ ಕನ್ನಡ ಕಲಿಸುವವರು, ಈಚೆಗೆ ಬೇರೆ ಭಾಷೆಯ ಸರಣಿಗಳಿಗೆ ಕನ್ನಡ ಡಬ್ಬಿಂಗ್ ಬರೆಯುವವರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದನ್ನೇ. "ಅಯ್ಯೋ" ಆದಮೇಲೆ ಆಶ್ಚರ್ಯಸೂಚಕ ಹಾಕಬೇಕೋ, ಅಲ್ಪವಿರಾಮ ಸಾಕೋ? "ಹೂಂ" ಸರಿಯೋ "ಹ್ಞೂಂ" ಸರಿಯೋ? ಮಂಗಳೂರಿನ ಪಾತ್ರ "ಅಯ್ಯೋ" ಅಂದರೆ ತಪ್ಪಾ?

ಚಿಹ್ನೆ, ಕಾಗುಣಿತ ಇವೆರಡೂ ಕೊನೆಯ ಕೆಲಸ. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ, ಅದಕ್ಕೇ ಬರೆದದ್ದು ಒಪ್ಪವಾಗಿದ್ದರೂ ಬಾಯಿಗೆ ಕೂರುವುದಿಲ್ಲ. ಯಾರು ಯಾರಿಗೆ ಆಡುತ್ತಿದ್ದಾರೆ ಅನ್ನುವುದು ಮೊದಲು ತೀರ್ಮಾನವಾಗಲಿ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ.

ಶುರು ಮಾಡುವ ಮೊದಲು

ಹೆಚ್ಚೇನೂ ಬೇಡ. ನೀವು ಬರೆದ ಒಂದು ಪುಟ ಸಂಭಾಷಣೆ, ಅದನ್ನು ಗಟ್ಟಿಯಾಗಿ ಓದಲು ಇನ್ನೊಬ್ಬರು, ಫೋನಿನಲ್ಲಿರುವ ರೆಕಾರ್ಡರ್. ನಿಘಂಟು ಇಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ. "ದುಃಖ, ಆಶ್ಚರ್ಯ ಇತ್ಯಾದಿಗಳನ್ನು ಸೂಚಿಸುವ ಪದ" ಅಂತ ಓದಿಕೊಂಡರೆ ನಿಮ್ಮ ಕಥೆಯ ಅತ್ತೆ ಹೇಗೆ ಮಾತಾಡುತ್ತಾಳೆ ಅನ್ನುವುದು ತಿಳಿಯದು.

ಎರಡು ಪಾರಿಭಾಷಿಕ ಪದ ಗೊತ್ತಿರಲಿ. ಅವ್ಯಯ ಅಂದರೆ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ರೂಪ ಬದಲಿಸದ ಪದ. "ಮರ" ಅನ್ನುವುದು ಮರವನ್ನು, ಮರಕ್ಕೆ, ಮರಗಳು ಎಂದೆಲ್ಲ ಆಗುತ್ತದೆ. "ಅಬ್ಬಾ" ಯಾವಾಗಲೂ ಅಬ್ಬಾ. ಮನಸ್ಸಿನಲ್ಲಿ ಎದ್ದದ್ದು ತಟ್ಟನೆ ಬಾಯಿಗೆ ಬಂದರೆ ಅಂಥ ಅವ್ಯಯಕ್ಕೆ ಶಾಲೆಯ ವ್ಯಾಕರಣದಲ್ಲಿ ಭಾವಸೂಚಕಾವ್ಯಯ ಎಂದು ಹೆಸರು, ನಿಪಾತ ಎಂದೂ ಹೇಳುವುದುಂಟು. ಇಲ್ಲಿ ಸುಮ್ಮನೆ ಉದ್ಗಾರ ಅನ್ನೋಣ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಅವ್ಯಯವನ್ನು ಕೊನೆಯ ಪ್ರಕರಣವಾಗಿ ಇಟ್ಟುಕೊಂಡ. ಶಾಲೆಯ ಪಾಠಗಳಲ್ಲೂ ಅದರ ಸರದಿ ಬರುವಷ್ಟರಲ್ಲಿ ವರ್ಷ ಮುಗಿಯುತ್ತ ಬಂದಿರುತ್ತದೆ. ಹೀಗಾಗಿ ದಿನಾ ಬಾಯಲ್ಲಿ ಓಡಾಡುವ ಪದಗಳ ಬಗ್ಗೆಯೇ ನಮಗೆ ಯಾರೂ ಸರಿಯಾಗಿ ಪಾಠ ಮಾಡಿಲ್ಲ.

ಹಂತ 1: ಉದ್ಗಾರವೋ, ಬರೀ ಸದ್ದೋ ನೋಡಿಕೊಳ್ಳಿ

ಪಟಪಟ, ಧಗಧಗ, ದಬದಬ ಇವು ಅನುಕರಣಾವ್ಯಯಗಳು, ಅಂದರೆ ಹೊರಗೆ ಕೇಳಿಸಿದ ಸದ್ದನ್ನು ಹಾಗೆಯೇ ಎತ್ತಿಕೊಂಡ ಪದಗಳು. ಪರೀಕ್ಷೆ ಸುಲಭ. ಪದವನ್ನು ಒಂಟಿಯಾಗಿ ನಿಲ್ಲಿಸಿ. "ಛೇ" ಅಂದರೆ ಮಾತು ಮುಗಿಯಿತು, ಎದುರಿಗಿದ್ದವರಿಗೆ ಅರ್ಥವಾಯಿತು. "ದಬದಬ" ಅಂದರೆ "ಏನು ದಬದಬ?" ಅಂತ ಕೇಳಬೇಕಾಗುತ್ತದೆ. ಮಲಗಿದ ಮಗುವಿನ ಪಕ್ಕದಲ್ಲಿ ಅನ್ನುವ "ಶ್ಶ್", ಒಣಹಾಕಿದ ಸಂಡಿಗೆಗೆ ಬಾಯಿ ಹಾಕಲು ಬಂದ ಕಾಗೆಗೆ ಅನ್ನುವ "ಉಶ್" ಇವು ಸದ್ದಿನಂತಿದ್ದರೂ ಆಜ್ಞೆಗಳೇ. ಉದ್ಗಾರದ ಸಾಲಿಗೇ ಸೇರಿಸಿಕೊಳ್ಳಿ. ಈ ಹಂತದಲ್ಲಿ ಇಷ್ಟು ಸಾಕು.

ಹಂತ 2: ಯಾರು, ಯಾರಿಗೆ?

ಕಾಲ್ಬೆರಳು ಮಂಚದ ಕಾಲಿಗೆ ಬಡಿದಾಗ "ಅಮ್ಮಾ" ಅನ್ನಲು ಎದುರಿಗೆ ಯಾರೂ ಇರಬೇಕಿಲ್ಲ. ಅಂಥವು ಕಡಿಮೆ. ಮಿಕ್ಕ ಉದ್ಗಾರಗಳೆಲ್ಲ ಕೇಳಿಸಿಕೊಳ್ಳಲು ಒಬ್ಬರಿದ್ದಾರೆ ಅಂತಲೇ ಹುಟ್ಟುವಂಥವು. ಆದ್ದರಿಂದ ಪಾತ್ರಕ್ಕೆ ದುಃಖವಾಗಿದೆಯೋ ಸಂತೋಷವಾಗಿದೆಯೋ ಎಂದು ಯೋಚಿಸುವ ಮೊದಲು ಎದುರಿಗಿರುವವರು ವಯಸ್ಸಿನಲ್ಲಿ ದೊಡ್ಡವರೋ ಚಿಕ್ಕವರೋ, ಸಲಿಗೆ ಎಷ್ಟಿದೆ, ಸುತ್ತ ಇನ್ನೂ ಯಾರಾದರೂ ಇದ್ದಾರೋ ನೋಡಿ.

"ಹೂಂ" ಎಂಬ ಒಂದನ್ನೇ ತೆಗೆದುಕೊಳ್ಳಿ. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂ ಹೂಂ ಅನ್ನುತ್ತಿರಬೇಕು, ನಿಲ್ಲಿಸಿದರೆ ಅಜ್ಜಿ ಕಥೆ ನಿಲ್ಲಿಸಿ "ನಿದ್ದೆ ಬಂತೇನೋ?" ಅನ್ನುತ್ತಾಳೆ. ಇದಕ್ಕೇ ಹೂಂಗುಟ್ಟುವುದು ಎಂಬ ಕ್ರಿಯಾಪದ ಇದೆ. ಫೋನಿನಲ್ಲೂ ಇದೇ ಕಟ್ಟಳೆ. ಈ ಕಡೆಯಿಂದ ಹೂಂ, ಹಾಂ ಕೇಳಿಸದಿದ್ದರೆ ಆ ಕಡೆಯವರು "ಹಲೋ, ಕೇಳಿಸ್ತಿದೆಯಾ?" ಅಂತ ತಡೆಯುತ್ತಾರೆ. ಇಲ್ಲೆಲ್ಲ ಹೂಂ ಅಂದರೆ "ಮುಂದುವರಿಸಿ" ಎಂದಷ್ಟೇ, ಒಪ್ಪಿಗೆ ಅಲ್ಲ. "ಸಂಬಂಧಕ್ಕೆ ಹೂಂ ಅಂದಳು" ಅಂದರೆ ಒಪ್ಪಿದಳು. ಏರುದನಿಯ "ಹೂಂ?" ಅಂದರೆ "ಏನಂದಿ?". ಮೂಗಿನಲ್ಲೇ ತುಂಡರಿಸಿದ "ಹುಂ" ಅಂದರೆ ಸಿಟ್ಟು. ಎಳೆದ "ಹೂಂ..." ಯೋಚನೆ, ಕೆಲವೊಮ್ಮೆ "ನೀನು ಹೇಳಿದ್ದು ನಂಬಲಿಲ್ಲ" ಎಂಬುದೂ ಹೌದು.

ಹಿರಿಯರಿಗೆ ಬರೀ ಹೂಂ ಅನ್ನುವುದು ಹಲವು ಮನೆಗಳಲ್ಲಿ ಉದ್ಧಟತನ. ಮೈಸೂರು ಕಡೆ "ಹೂಂ ಸಾರ್", "ಹೌದು ಸ್ವಾಮಿ", ಧಾರವಾಡದ ಕಡೆ "ಹೂನ್ರಿ" ಆಗಿಬಿಡುತ್ತದೆ. ನಿಮ್ಮ ಕಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತ ಮೇಲಧಿಕಾರಿಗೆ ಬರೀ "ಹೂಂ" ಅಂದರೆ, ಓದುಗರು ಅವನನ್ನು ದುರಹಂಕಾರಿ ಅಂತಲೇ ಎಣಿಸುತ್ತಾರೆ. ಅದೇ ನಿಮ್ಮ ಉದ್ದೇಶವಾಗಿದ್ದರೆ ಸರಿ.

ಎಚ್ಚರಿಕೆ: "ಲೋ", "ಲೇ" ಬರೆಯುವಾಗ ಊರು ನೋಡಿಕೊಳ್ಳಿ. ಬೆಂಗಳೂರು, ಮೈಸೂರು ಕಡೆ "ಲೋ" ಹುಡುಗನಿಗೆ, "ಲೇ" ಹುಡುಗಿಗೆ ಅಥವಾ ಹೆಂಡತಿಗೆ. ಹುಬ್ಬಳ್ಳಿ ಧಾರವಾಡ ಕಡೆ ಗಂಡಸರು ಗಂಡಸರಿಗೇ "ಯಾಕಲೇ", "ಏನಲೇ" ಅನ್ನುತ್ತಾರೆ. ದಕ್ಷಿಣದ ಲೇಖಕರು ಉತ್ತರದ ಗೆಳೆಯರಿಬ್ಬರ ಬಾಯಲ್ಲಿ "ಲೋ, ಕಣೋ" ತುರುಕುವುದು ನಾನು ತಿದ್ದುವ ಹಸ್ತಪ್ರತಿಗಳಲ್ಲಿ ಪದೇ ಪದೇ ಸಿಗುವ ತಪ್ಪು. ಎರಡೂ ಕಡೆ ಇವು ಸಲಿಗೆಯ ಪದಗಳೇ. ಅಪರಿಚಿತನಿಗೆ ಅಂದರೆ ಜಗಳಕ್ಕೆ ಕರೆದಂತೆ.

ಹಂತ 3: ಒಂದೇ ಪದದ ಒಳಗಿರುವ ಹತ್ತು ದನಿ ಬಿಡಿಸಿಕೊಳ್ಳಿ

ಭಾವಕ್ಕೊಂದು ಪದ ಎಂಬ ಪಟ್ಟಿ ಗೈಡುಗಳಲ್ಲಿರುತ್ತದೆ: ದುಃಖಕ್ಕೆ ಅಯ್ಯೋ, ಮೆಚ್ಚುಗೆಗೆ ಭಲೆ, ತಿರಸ್ಕಾರಕ್ಕೆ ಛೀ. ಪರೀಕ್ಷೆಗೆ ಇದು ಸಾಕು, ಬರೆಯಲು ಸಾಲದು. ಅಯ್ಯೋ ಬರೀ ದುಃಖಕ್ಕೆ ಬರುವುದಾಗಿದ್ದರೆ ನಮ್ಮ ಊಟದ ಮನೆಗಳಲ್ಲಿ ಅಷ್ಟೊಂದು ಅಯ್ಯೋ ಕೇಳಿಸುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನದ ಊಟವನ್ನೇ ನೋಡಿ. ಬಾಗಿಲಲ್ಲಿ: "ಅಯ್ಯೋ, ಬನ್ನಿ ಬನ್ನಿ, ಒಳಗೆ ಬನ್ನಿ." ಇದು ಸ್ವಾಗತ. ತಂದ ಹಣ್ಣಿನ ಚೀಲ ಕೊಟ್ಟಾಗ: "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ?" ಕೃತಜ್ಞತೆ, ಆಕ್ಷೇಪಣೆಯ ವೇಷದಲ್ಲಿ. ಎಲೆಗೆ ಮತ್ತೊಂದು ಹೋಳಿಗೆ ಬಿದ್ದಾಗ: "ಅಯ್ಯೋ ಸಾಕು ಸಾಕು." ಬಡಿಸುವವರು ಇದನ್ನು ಪೂರ್ತಿ ನಂಬಬಾರದು ಎಂಬುದು ಇಬ್ಬರಿಗೂ ಗೊತ್ತು. ಸಾರು ಚೆಲ್ಲಿದ ಮಗುವಿನ ತಾಯಿ ಮುಜುಗರಪಟ್ಟಾಗ: "ಅಯ್ಯೋ, ಪರವಾಗಿಲ್ಲ ಬಿಡಿ." ಸಮಾಧಾನ. ಯಾರದೋ ಕಾರಿನ ಸುದ್ದಿ ಬಂದಾಗ: "ಅಯ್ಯೋ, ಅದೇನ್ ಮಹಾ." ಹೊಟ್ಟೆಕಿಚ್ಚು ಇರಲೂಬಹುದು. ಯಾರೋ ಹೋಗಿಬಿಟ್ಟರೆಂಬ ಫೋನ್ ಬಂದಾಗ ಮಾತ್ರ "ಅಯ್ಯೋ" ಅಂದು ಸುಮ್ಮನಾಗುತ್ತಾರೆ.

ಈ ಆರರಲ್ಲಿ ದುಃಖದ್ದು ಒಂದೇ. ಅದು ಒಂಟಿಯಾಗಿ ನಿಂತಿದೆ, ಮುಂದೆ ಮಾತಿಲ್ಲ. ಉಳಿದವುಗಳ ಬೆನ್ನಿಗೇ ಒಂದು ವಾಕ್ಯ ಅಂಟಿಕೊಂಡಿದೆ. ಬರೆಯುವವರಿಗೆ ಇದೊಂದು ಒಳ್ಳೆಯ ಗುರುತು: ಅಯ್ಯೋ ಹಗುರವಾದಷ್ಟೂ ಹಿಂದಿನಿಂದ ಮಾತು ಬೇಗ ಬರುತ್ತದೆ. ಈ ಪದ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು. ಆಗ ಇಲ್ಲಿ ಬಹಳ ಜನ ಹೆಮ್ಮೆಪಟ್ಟರು. ಅಷ್ಟು ಹೆಮ್ಮೆಪಡುವ ಅಗತ್ಯ ಇತ್ತೇ ಅನ್ನುವುದು ಬೇರೆ ಮಾತು.

ಹತ್ತಿರ ಹತ್ತಿರದ ಉದ್ಗಾರಗಳ ನಡುವಿನ ಗೆರೆಯನ್ನೂ ಅಳಿಸಬೇಡಿ. "ಛೇ" ಅಂದರೆ ಹೀಗಾಗಬಾರದಿತ್ತು ಎಂಬ ಬೇಸರ: "ಛೇ, ಒಂದು ನಿಮಿಷದಲ್ಲಿ ಬಸ್ ತಪ್ಪಿತು." ಎರಡು ಸಲ ಅಂದರೆ ಸೌಜನ್ಯದ ನಿರಾಕರಣೆ: "ಛೇ ಛೇ, ನಾನು ಹಾಗಂದಿಲ್ಲ." "ಛೀ" ಅಸಹ್ಯ, ಇಲ್ಲವೇ ಗದರಿಕೆ. "ಥೂ" ಇನ್ನೊಂದು ಮೆಟ್ಟಿಲು ಕೆಳಗೆ, ಉಗುಳಿದಷ್ಟೇ ತೂಕ. ಆದರೆ ಗೆಳತಿಯರ ನಡುವೆ "ಥೂ ಹೋಗೇ" ಅನ್ನುವುದು ನಾಚಿಕೆ. ಹಾಗೆಯೇ "ಭಲೆ", "ಶಹಬ್ಬಾಸ್", "ಆಹಾ" ಇವು ಮೆಚ್ಚುಗೆಗೆ ಎಷ್ಟು ಬರುತ್ತವೋ ಕುಟುಕಲೂ ಅಷ್ಟೇ ಬರುತ್ತವೆ. "ಆಹಾ, ಏನ್ ಬುದ್ಧಿವಂತಿಕೆ!" ಅಂದಾಗ ಯಾರೂ ಹೊಗಳುತ್ತಿಲ್ಲ. ಕುಟುಕು ಗೊತ್ತಾಗಲು ಪಕ್ಕದಲ್ಲಿ "ವ್ಯಂಗ್ಯವಾಗಿ ಹೇಳಿದ" ಅಂತ ಬರೆಯಬೇಕಾಗಿ ಬಂದರೆ ಹಿಂದಿನ ವಾಕ್ಯದಲ್ಲಿ ಏನೋ ಕೊರತೆಯಿದೆ.

ಹಂತ 4: ಬಾಯಿ ಯಾವ ಊರಿನದು, ಯಾವ ಕಾಲದ್ದು?

"ಅಯ್ಯೋ" ಕರ್ನಾಟಕದ ಎಲ್ಲ ಕಡೆ ನಡೆಯುತ್ತದೆ. ಮಂಗಳೂರಿನ ಪಾತ್ರ ಅಂದರೆ ತಪ್ಪಿಲ್ಲ. ಆದರೆ ಅಯ್ಯೋ ಒಂದನ್ನೇ ಆಡಿಸಿದರೆ ಆ ಬಾಯಿಗೆ ಊರೇ ಇರುವುದಿಲ್ಲ. ಕರಾವಳಿಯಲ್ಲಿ ಭಾವದ ಭಾರವನ್ನೆಲ್ಲ ವಾಕ್ಯದ ಕೊನೆಯ "ಮಾರಾಯ" ಹೊರುತ್ತದೆ: "ಎಂಥ ಮಳೆ ಮಾರಾಯ್ರೆ!" ಗೆಳೆಯನಿಗೆ ಮಾರಾಯ, ಹೆಂಗಸಿಗೆ ಮಾರಾಯ್ತಿ, ಗೌರವದವರಿಗೆ ಮಾರಾಯ್ರೆ. ಕುಂದಾಪುರದ ಕಡೆಯವರು ದಾರಿಯಲ್ಲಿ ಕೂಗಿ ಕರೆಯುವ "ಹ್ವಾಯ್" ಆ ಸೀಮೆಯ ಗುರುತೇ ಆಗಿಬಿಟ್ಟಿದೆ. ಉತ್ತರ ಕರ್ನಾಟಕದಲ್ಲಿ "ಯಪ್ಪಾ", "ಯವ್ವಾ"; ಹೆಂಗಸರ ಮಾತಿನಲ್ಲಿ ಚಿಕ್ಕದೊಂದು "ಅಯ್ಯ", ಕೊನೆಗೆ ಓಕಾರವಿಲ್ಲದೆ: "ಅಯ್ಯ, ಹಂಗ್ಯಾಕಂತೀರಿ?" ನಂಬಲಾಗದ ಸುದ್ದಿಗೆ ಅಲ್ಲಿ "ಖರೇನು?" ಅಂದರೆ ಬೆಂಗಳೂರಲ್ಲಿ "ಹೌದಾ?". ಮಂಡ್ಯದವರು "ಅಯ್ಯೋ ಬುಡಪ್ಪಾ" ಅಂದು ಮಾತನ್ನೇ ತಳ್ಳಿಹಾಕುತ್ತಾರೆ. ಬೆಂಗಳೂರಿನ ಹುಡುಗರಿಗೆ "ಗುರು", "ಮಗಾ" ಇಲ್ಲದೆ ಆಶ್ಚರ್ಯವೇ ಆಗುವುದಿಲ್ಲ.

ದೇವರನ್ನು ಕರೆಯುವ ಉದ್ಗಾರಗಳಲ್ಲಿ ಮನೆತನವೂ ಕಾಣುತ್ತದೆ. "ಶಿವ ಶಿವಾ" ಅನ್ನುವ ಮನೆ ಬೇರೆ, "ರಾಮ ರಾಮಾ", "ಕೃಷ್ಣ ಕೃಷ್ಣಾ" ಅನ್ನುವ ಮನೆ ಬೇರೆ, "ಯಾ ಅಲ್ಲಾ" ಅನ್ನುವ ಮನೆ ಬೇರೆ. ಮಾದಪ್ಪನ ಬೆಟ್ಟದ ದಾರಿಯ "ಉಘೇ ಉಘೇ", ಯಲ್ಲಮ್ಮನ ಗುಡ್ಡದ "ಉಧೋ ಉಧೋ", ಮೈಲಾರನ ಭಕ್ತರ "ಏಳುಕೋಟಿ ಏಳುಕೋಟಿಗೋ" ಗುಂಪಿನ ಉದ್ಗಾರಗಳು. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆ ಜಾತ್ರೆ ಕಂಡವರು ಮುಂದೆ ಓದುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ, "ಅಕಟಾ", "ಅಕ್ಕಟಾ", "ಮಝ ಭಾಪು", "ಭಳಿರೇ" ಇವೆಲ್ಲ ಹಳೆಯ ಕಾವ್ಯಕ್ಕೆ, ಯಕ್ಷಗಾನ, ಪೌರಾಣಿಕ ನಾಟಕಗಳಿಗೆ ಸೇರಿದವು. ಈ ಕಾಲದ ಕಥೆಯಲ್ಲಿ ತಮಾಷೆಗೆ ಬಿಟ್ಟರೆ ಜಾಗವಿಲ್ಲ. ಸಾಮಾಜಿಕ ಕಾದಂಬರಿಯ ನಾಯಕಿ ಪತ್ರ ಓದಿ "ಹಾ! ವಿಧಿಯೇ!" ಅಂದರೆ ಓದುಗರಿಗೆ ಕಣ್ಣೀರು ಬರಬೇಕಾದಲ್ಲಿ ನಗು ಬರುತ್ತದೆ.

ಡಬ್ಬಿಂಗ್ ಬರೆಯುವವರಿಗೆ ಒಂದು ಮಾತು. ಮೂಲದಲ್ಲಿ ದೇವರ ಹೆಸರಿದೆ ಅಂತ "ಓ ನನ್ನ ದೇವರೇ" ಬರೆಯಬೇಡಿ. ನಮ್ಮಲ್ಲಿ ಯಾರೂ ಹಾಗನ್ನುವುದಿಲ್ಲ. "ಅಯ್ಯೋ ದೇವ್ರೇ" ಇದೆ, ತುಟಿಯ ಚಲನೆಗೆ ಓಕಾರವೇ ಬೇಕಿದ್ದರೆ "ಓಹೋ" ಇದೆ. ಪಟ್ಟಣದ ಪಾತ್ರ ನಿಜವಾಗಿ "ವಾವ್" ಅನ್ನುವವಳಾದರೆ ಅದನ್ನೇ ಇಡಿ. ಶುದ್ಧ ಮಾಡಲು ಹೋಗಿ "ಆಹಾ ಎಂಥ ಸೊಗಸು" ಮಾಡಿದರೆ ಪಾತ್ರ ಸತ್ತಿತು.

ಹಂತ 5: ಉದ್ಗಾರದಂತೆ ಕಾಣದ ಉದ್ಗಾರಗಳನ್ನು ಹಿಡಿಯಿರಿ

ನನ್ನ ಪ್ರಕಾರ ಚೆನ್ನಾಗಿ ಬರೆಯುವವರು ಗೆಲ್ಲುವುದು ಇಲ್ಲಿ. ಕನ್ನಡದಲ್ಲಿ ಎಷ್ಟೋ ನಾಮಪದ, ಕ್ರಿಯಾಪದಗಳು ತಮ್ಮ ಅರ್ಥ ಕಳಚಿಟ್ಟು ಉದ್ಗಾರದ ಕೆಲಸಕ್ಕೆ ಬರುತ್ತವೆ. ಕರೆಂಟ್ ಹೋದಾಗ "ತಗೋ, ಹೋಯ್ತು!" ಅನ್ನುತ್ತೇವೆ. ಯಾರೂ ಯಾರಿಗೂ ಏನೂ ಕೊಟ್ಟಿಲ್ಲ. "ಅಲ್ಲ ಕಣೋ, ಒಂದು ಮಾತು ಹೇಳ್ಬಾರ್ದಾ?" ಎಂಬಲ್ಲಿ ಅಲ್ಲ ಯಾವುದನ್ನೂ ಅಲ್ಲಗಳೆಯುತ್ತಿಲ್ಲ. ಆಕ್ಷೇಪಣೆಗೆ ಗಂಟಲು ಸರಿಮಾಡಿಕೊಳ್ಳುತ್ತಿದೆ. "ನೀವೇ ಮಾಡಿದ್ರಾ ಇದನ್ನ?" "ಮತ್ತೆ!" ಇಲ್ಲಿ ಮತ್ತೆ ಅಂದರೆ ಇನ್ನೊಮ್ಮೆ ಅಲ್ಲ, ಇನ್ಯಾರು ಮಾಡ್ತಾರೆ ಎಂಬ ಠೀವಿ. "ಗೊತ್ತಿಲ್ಲಪ್ಪ" ಎಂಬುದರ ಅಪ್ಪ ಹೆಂಡತಿಗೆ ಹೇಳುವಾಗಲೂ ಅಪ್ಪನೇ.

ಇವುಗಳಲ್ಲಿ ಎರಡಕ್ಕೆ ವಿಶೇಷ ಎಚ್ಚರಿಕೆ ಬೇಕು, ಯಾಕೆಂದರೆ ಬರಹದಲ್ಲಿ ಅಲ್ಪವಿರಾಮ ಬಿಟ್ಟರೆ ಅರ್ಥವೇ ಮಗುಚುತ್ತದೆ.

"ಪಾಪ, ಮಾಡಿದ ಅವನು." (ಕೈಲಾದದ್ದು ಮಾಡಿದ, ಅಯ್ಯೋ ಅನಿಸುತ್ತದೆ.)
"ಪಾಪ ಮಾಡಿದ ಅವನು." (ನರಕಕ್ಕೆ ಹೋಗುವಂಥದ್ದು.)

"ಸದ್ಯ, ಅಪ್ಪ ಊರಲ್ಲಿಲ್ಲ." (ಬಚಾವಾದೆವು.)
"ಸದ್ಯ ಅಪ್ಪ ಊರಲ್ಲಿಲ್ಲ." (ಈಗ ಇಲ್ಲ, ನಾಳೆ ಬನ್ನಿ.)

ಆಡುವಾಗ ದನಿ ಈ ಕೆಲಸ ಮಾಡುತ್ತದೆ: ಪಾಪ, ಸದ್ಯ ಎರಡರ ಕೊನೆಯೂ ಸ್ವಲ್ಪ ಎಳೆಯುತ್ತದೆ, ಆಮೇಲೆ ಒಂದು ಚಿಕ್ಕ ತಡೆ. ಹಾಳೆಯ ಮೇಲೆ ಆ ತಡೆಯೇ ಅಲ್ಪವಿರಾಮ.

ಹಂತ 6: ಕಾಗುಣಿತ

ಹೂಂ, ಹ್ಞೂಂ, ಹುಂ ಮೂರೂ ಚಲಾವಣೆಯಲ್ಲಿವೆ. ಮೂಗಿನಿಂದ ಬರುವ ಸ್ವರವನ್ನು ತೋರಿಸಲು ನಮ್ಮಲ್ಲಿ ಬಳಕೆಯ ಅಕ್ಷರವಿಲ್ಲ. ಹಾಗಾಗಿ ಸೊನ್ನೆಯಿಂದ, ಇಲ್ಲವೇ ಞ ಒತ್ತಿನಿಂದ ಕೆಲಸ ಸಾಗಿಸುತ್ತೇವೆ. ನನ್ನ ಸಲಹೆ: ಒಪ್ಪಿಗೆಗೆ ಹೂಂ, ಸಿಟ್ಟಿಗೆ ಹುಂ, ನಿರಾಕರಣೆಗೆ ಊಹೂಂ. ಒಂದು ಬರಹದಲ್ಲಿ ಯಾವುದನ್ನು ಹಿಡಿದಿರೋ ಕೊನೆಯ ತನಕ ಅದನ್ನೇ ಇಟ್ಟುಕೊಳ್ಳಿ. ಹ್ಞೂಂ, ಹ್ಞಾಂ ಬರೆಯಲೇಬೇಕು ಅನ್ನುವವರು ಹ, ಒತ್ತಿನ ಕೀಲಿ (ನುಡಿ ಕೀಲಿಮಣೆ ವಿನ್ಯಾಸದಲ್ಲಿ ಎಫ್), ಞ, ಆಮೇಲೆ ಸ್ವರ, ಕೊನೆಗೆ ಸೊನ್ನೆ ಈ ಕ್ರಮದಲ್ಲಿ ಒತ್ತಿ. ಸೊನ್ನೆ ಮೊದಲು ಬಂದರೆ ಅಕ್ಷರ ಒಡೆಯುತ್ತದೆ.

ಎಳೆದು ಹೇಳುವುದನ್ನು ಬರೆಯುವಾಗ ಎಲ್ಲರೂ ಎಡವುವುದು ಇಲ್ಲಿ: "ಅಯ್ಯೋ" ಬರೆದು ಓತ್ವದ ಚಿಹ್ನೆಯನ್ನೇ ಮೂರು ಸಲ ಒತ್ತುತ್ತಾರೆ. ಒಂದು ವ್ಯಂಜನಕ್ಕೆ ಒಂದೇ ಸ್ವರಚಿಹ್ನೆ ಕೂರುತ್ತದೆ. ಉಳಿದವು ಚುಕ್ಕಿಗಳ ಸಣ್ಣ ವೃತ್ತದ ಪಕ್ಕದಲ್ಲಿ ತೂಗಾಡುತ್ತವೆ. ಮುಂದಕ್ಕೆ ಪೂರ್ಣ ಸ್ವರಾಕ್ಷರ ಬಳಸಿ: ಅಯ್ಯೋಓಓ, ಅಮ್ಮಾಆಆ, ಲೇಏಏ. ಎರಡು ಹೆಚ್ಚುವರಿ ಅಕ್ಷರ ಸಾಕು. ಹೀಗೆ ಎಳೆಯುವ ಸ್ವರಕ್ಕೆ ವ್ಯಾಕರಣದಲ್ಲಿ ಪ್ಲುತ ಎಂದು ಹೆಸರು. ಮಾತ್ರೆ ಅಂದರೆ ಒಂದು ಹ್ರಸ್ವಸ್ವರ ಹೇಳಲು ಹಿಡಿಯುವ ಕಾಲ. ಪ್ಲುತಕ್ಕೆ ಮೂರು ಮಾತ್ರೆ. ಹಳೆಯ ವ್ಯಾಕರಣಗಳಲ್ಲಿ ಅದನ್ನು "ಅಣ್ಣಾ೩" ಎಂದು ಅಂಕಿ ಹಾಕಿ ತೋರಿಸುತ್ತಿದ್ದರು. ಇಂದಿನ ಕಥೆಯಲ್ಲಿ ಹಾಗೆ ಹಾಕಿದರೆ ಮುದ್ರಣದೋಷ ಅನ್ನುತ್ತಾರೆ.

ಪ್ಲುತದಿಂದ ಇನ್ನೊಂದು ಉಪಯೋಗದ ನಿಯಮ ಸಿಗುತ್ತದೆ. ಪ್ಲುತಸ್ವರದ ಮುಂದೆ, ಉದ್ಗಾರದ ಮುಂದೆ ಸ್ವರ ಬಂದರೆ ಸಂಧಿ ಮಾಡಬಾರದು. ಇದಕ್ಕೆ ಪ್ರಕೃತಿಭಾವ ಎಂದು ಹೆಸರು, ಅಂದರೆ ಇದ್ದದ್ದು ಇದ್ದ ಹಾಗೆ ಉಳಿಯುವುದು. "ಅಬ್ಬಾ ಅದೇನು", "ಅಯ್ಯೋ ಇದೇನು", "ಓಹೋ ಅಜ್ಜನೇ" ಇವನ್ನು ಹಾಗೆಯೇ ಬಿಡಿಯಾಗಿ ಬರೆಯಿರಿ. ಗ್ರಾಂಥಿಕವಾಗಿರಲಿ ಅಂತ "ಅಯ್ಯೋಯಿದೇನು" ಮಾಡುವವರು ವ್ಯಾಕರಣವನ್ನೇ ಮುರಿಯುತ್ತಿರುತ್ತಾರೆ.

ಇಮ್ಮಡಿಸುವಾಗ ಮೊದಲ ಭಾಗದ ದೀರ್ಘ ಕುಗ್ಗುತ್ತದೆ: ಅಯ್ಯೋ ಅಯ್ಯಯ್ಯೋ ಆಗುತ್ತದೆ, ಅಬ್ಬಾ ಅಬ್ಬಬ್ಬಾ, ಅಪ್ಪಾ ಅಪ್ಪಪ್ಪಾ. ಇವು ಒಂದೇ ಪದ, ನಡುವೆ ಜಾಗ ಬೇಡ. ಛೇ ಛೇ, ಥೂ ಥೂ, ಭಲೆ ಭಲೆ ಇವು ಬಿಡಿ ಬಿಡಿ. "ಅಯ್ಯೋ ಅಯ್ಯೋ" ಅಂತ ಬಿಡಿಸಿ ಬರೆದರೆ ನಿಜವಾದ ಗೋಳು, ಇಲ್ಲವೇ ನಾಟಕೀಯ ಗೋಳು. "ಅಯ್ಯಯ್ಯೋ" ಗಾಬರಿಗೆ ಹೆಚ್ಚು ಹತ್ತಿರ.

ಕೆಲವು ಉದ್ಗಾರಗಳಿಗೆ ಅಕ್ಷರವೇ ಇಲ್ಲ. ಯಾರದೋ ಕಷ್ಟ ಕೇಳಿ ನಾಲಿಗೆಯಿಂದ ಮಾಡುವ ಸದ್ದನ್ನು "ಚ್ಚ್ ಚ್ಚ್" ಅಂತ ಬರೆದರೆ ಹಲ್ಲಿ ಲೊಚಗುಟ್ಟಿದಂತಿರುತ್ತದೆ. ಅಂಥ ಕಡೆ ಕ್ರಿಯಾಪದದ ಕೈಹಿಡಿಯಿರಿ: ಲೊಚಗುಟ್ಟಿದಳು, ಹೂಂಗುಟ್ಟಿದ, ಮೂಗು ಮುರಿದಳು, ಉಸ್ಸೆಂದು ಕೂತ. ಹೀಗೆ ಬರೆದರೆ ಓದುಗರಿಗೆ ಸದ್ದು ತಾನಾಗಿ ಕೇಳಿಸುತ್ತದೆ.

ಹಂತ 7: ಚಿಹ್ನೆ

ಈಗ ಮೊದಲಿನ ಪ್ರಶ್ನೆ. ಉದ್ಗಾರ ಒಂಟಿಯಾಗಿ ನಿಂತು, ಆಮೇಲೆ ನಿಜವಾಗಿ ಉಸಿರು ನಿಂತರೆ ಆಶ್ಚರ್ಯಸೂಚಕ: "ಅಯ್ಯೋ! ಮಗು ಎಲ್ಲಿ?" ಉದ್ಗಾರ ಮುಂದಿನ ಮಾತಿಗೆ ಬಾಗಿಲಷ್ಟೇ ಆಗಿದ್ದರೆ ಅಲ್ಪವಿರಾಮ: "ಅಯ್ಯೋ, ಅದಕ್ಕೇನಂತೆ." ಮಾತಿನೊಳಗೇ ಕರಗಿದ್ದರೆ ಏನೂ ಬೇಡ: "ಅಯ್ಯೋ ಸಾಕು ಬಿಡಿ." ಭಾವ ಇಡೀ ವಾಕ್ಯದ್ದಾದರೆ ಉದ್ಗಾರಕ್ಕೆ ಅಲ್ಪವಿರಾಮ ಕೊಟ್ಟು ಚಿಹ್ನೆಯನ್ನು ಕೊನೆಗಿಡಿ: "ಅಬ್ಬಾ, ಎಂಥ ಬಿಸಿಲು!" ಎರಡು ಕಡೆಯೂ ಹಾಕುವುದು ದುಂದು. ಮೂರು ಮೂರು ಹಾಕುವುದು ಕಿರುಚಾಟ.

ಒಂದು ಸಾಲನ್ನು ತಿದ್ದಿ ನೋಡೋಣ. ಹಳೆಯ ಗೆಳತಿಯರಿಬ್ಬರು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಎದುರಾಗುತ್ತಾರೆ. ಹಸ್ತಪ್ರತಿಯಲ್ಲಿ ಹೀಗಿತ್ತು ಅನ್ನಿ:

"ಓಹ್!! ಅಬ್ಬಾ!!! ಅಯ್ಯೋ ನೀನಾ!!! ಎಷ್ಟು ವರ್ಷಗಳಾದವು ನಿನ್ನನ್ನು ನೋಡಿ!!!"

ಮೂರು ಉದ್ಗಾರ, ಹನ್ನೊಂದು ಚಿಹ್ನೆ. ಉದ್ಗಾರಗಳು ಬೀದಿಯವು, ವಾಕ್ಯ ಪುಸ್ತಕದ್ದು. ಎರಡೂ ಒಂದೇ ಬಾಯಿಂದ ಬಂದಂತಿಲ್ಲ. ನಿರೀಕ್ಷೆಯೇ ಇಲ್ಲದ ಭೇಟಿಗೆ ನಮ್ಮ ಬಾಯಿಗೆ ಮೊದಲು ಬರುವುದು "ಅರೆ".

"ಅರೆ, ನೀನೇನೇ! ಎಷ್ಟ್ ವರ್ಷ ಆಯ್ತೇ ನೋಡಿ."

ಇವರು ಧಾರವಾಡದವರಾಗಿದ್ದರೆ "ಅಯ್ಯ, ನೀ ಏನ!" ಅಂತ ಶುರುವಾಗುತ್ತಿತ್ತು. ಚಿಹ್ನೆ ಆಗಲೂ ಒಂದೇ.

ಹಂತ 8: ಎಲ್ಲಿ ಬೇಡ ಅಂತ ನೋಡಿ ಕತ್ತರಿಸಿ

ಬರೆದದ್ದನ್ನು ಇನ್ನೊಬ್ಬರ ಕೈಲಿ ಓದಿಸಿ, ರೆಕಾರ್ಡ್ ಮಾಡಿ. ಓದುವವರು ಯಾವ ಉದ್ಗಾರವನ್ನು ತಾವಾಗಿ ನುಂಗಿ ಮುಂದೆ ಹೋಗುತ್ತಾರೋ ಅದನ್ನು ತೆಗೆಯಿರಿ. ಅವರು ಬರೆಯದಿದ್ದ "ಅಯ್ಯೋ" ಒಂದನ್ನು ಸೇರಿಸಿಕೊಂಡು ಓದಿದರೆ ಅದನ್ನು ಬರೆದುಕೊಳ್ಳಿ. ಬಾಯಿ ಇದರಲ್ಲಿ ಅಷ್ಟಾಗಿ ತಪ್ಪುವುದಿಲ್ಲ.

ನಿರೂಪಣೆಯಲ್ಲಿ ಉದ್ಗಾರ ಬೇಕಾದರೆ "ಎಂದು", "ಅಂತ" ನಿಮ್ಮ ನೆರವಿಗಿವೆ. ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಉದ್ಗಾರವನ್ನು ಕಳಚಬೇಕಿಲ್ಲ: ಅಯ್ಯೋ ಮಳೆ ಬಂತು ಅಂತ ಬಟ್ಟೆ ತೆಗೆಯಲು ಓಡಿದಳು. ಉದ್ಧರಣ ಚಿಹ್ನೆಯೂ ಬೇಡ, "ಗಾಬರಿಯಿಂದ" ಅನ್ನುವುದೂ ಬೇಡ. "ನೋಡಿ ಅಯ್ಯೋ ಅನಿಸಿತು", "ಎಲ್ಲರಿಂದ ಭೇಷ್ ಅನಿಸಿಕೊಂಡ", "ಸಭೆ ಛೀಮಾರಿ ಹಾಕಿತು" ಇಂಥ ಪ್ರಯೋಗಗಳಂತೂ ಗದ್ಯದಲ್ಲಿ ಎಲ್ಲಿ ಬೇಕಾದರೂ ಸಲ್ಲುತ್ತವೆ.

ಅರ್ಜಿ, ಕಚೇರಿ ಪತ್ರ, ವರದಿಗಳಲ್ಲಿ ಉದ್ಗಾರ ಬೇಡ. ಸುದ್ದಿಯಲ್ಲಿ ಹೇಳಿಕೆಯ ಒಳಗೆ ಮಾತ್ರ, ಅದೂ ಹೇಳಿದವರು ನಿಜವಾಗಿ ಅಂದಿದ್ದರೆ. ಶೀರ್ಷಿಕೆಗೆ "ಅಬ್ಬಬ್ಬಾ!" ಹಾಕುವ ಚಟ ಈಗ ಎಷ್ಟು ಹಬ್ಬಿದೆಯೆಂದರೆ, ನಿಜವಾಗಿ ಅಬ್ಬಬ್ಬಾ ಅನ್ನುವಂಥದ್ದು ನಡೆದ ದಿನ ಪತ್ರಿಕೆಯವರ ಹತ್ತಿರ ಪದ ಉಳಿದಿರುವುದಿಲ್ಲ. ಸಾವಿನ ಸಂತಾಪ ಬರೆಯುವಾಗಲೂ ಒಂದು "ಛೇ" ಎದುರುಬದುರು ಕೂತಾಗ ಸರಿ, ಬರಹದಲ್ಲಿ ಹಗುರವಾಗುತ್ತದೆ.

ವಾಟ್ಸಾಪ್ ಬಗ್ಗೆ ಕೇಳುವವರು ಈಚೆಗೆ ಜಾಸ್ತಿ. ಅಲ್ಲಿ ದನಿ ಇಲ್ಲ, ಮುಖ ಇಲ್ಲ. ಉದ್ದದ ಸಂದೇಶಕ್ಕೆ ಬರೀ "ಹೂಂ" ಎಂದು ಉತ್ತರಿಸಿದರೆ ಸಿಟ್ಟು ಬಂದಿದೆ ಅಂತಲೇ ಓದಿಕೊಳ್ಳುತ್ತಾರೆ, ಚುಕ್ಕಿ ಹಾಕಿದರಂತೂ ಖಾತ್ರಿ. "ಹೂಂ ಕಣೇ", "ಹೂಂ ಅತ್ತೆ", "ಹೂನ್ರಿ, ಆಯ್ತ್ರಿ" ಅಂತ ಒಂದು ಬಾಲ ಅಂಟಿಸಿ.